ರಾಯಚೂರಿನಿಂದ ಹೈದರಾಬಾದಿಗೆ ಕ್ಯಾಮೆರಾ ಹೆಗಲೇರಿಸುವ ಮುನ್ನ: ಜಾಗ, ಹೊತ್ತು ಮತ್ತು ಲೆನ್ಸ್ ಆಯ್ಕೆಯ ಸಮಗ್ರ ಮಾರ್ಗದರ್ಶಿ

ರಾಯಚೂರಿನವರಿಗೆ ದೊಡ್ಡ ಊರು ಎಂದಾಗ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದ್. ದವಾಖಾನೆಗೆ, ಮದುವೆಯ ಜವಳಿಗೆ, ಮುತ್ತಿನ ಸರಕ್ಕೆ ನಮ್ಮ ಹಿರಿಯರು ಅಲ್ಲಿಗೇ ಹೋಗುತ್ತಿದ್ದರು. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡಣೆಯಾಗುವವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಈಗ ಅದೇ ದಾರಿಯಲ್ಲಿ ಕ್ಯಾಮೆರಾ ಹಿಡಿದು ಹೊರಡುವ ಹುಡುಗರು ನನ್ನನ್ನು ಮೊದಲು ಕೇಳುವುದು, "ಸರ್, ಯಾವ ಲೆನ್ಸ್ ಒಯ್ಯಲಿ?" ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಯಾವ ಜಾಗಕ್ಕೆ ಹೋಗುತ್ತೀರಿ, ಅಲ್ಲಿ ಯಾವ ಹೊತ್ತಿಗೆ ನಿಂತಿರುತ್ತೀರಿ ಎಂಬುದು ಗೊತ್ತಾದ ಮೇಲೆ ಲೆನ್ಸು ತಾನಾಗಿಯೇ ಗೊತ್ತಾಗುತ್ತದೆ.

ಇದನ್ನು ನಾನು ಕಲಿತದ್ದು ಬೆನ್ನು ನೋಯಿಸಿಕೊಂಡು. ಮೊದಲ ಸಲ ಹೋದಾಗ ಎರಡು ಕ್ಯಾಮೆರಾ, ನಾಲ್ಕು ಲೆನ್ಸ್, ಮದುವೆ ಕೆಲಸಕ್ಕೆ ಬಳಸುವ ಭಾರದ ಟ್ರೈಪಾಡ್ ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಗೋಲ್ಕೊಂಡದ ಅರ್ಧ ಮೆಟ್ಟಿಲಿನಲ್ಲೇ ಚೀಲ ಇಳಿಸಿ ಕುಳಿತುಬಿಟ್ಟೆ. ಊರಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹತ್ತರಲ್ಲಿ ಒಂಬತ್ತು ಚಿತ್ರಗಳನ್ನು ಕ್ಯಾಮೆರಾದ ಜೊತೆಗೇ ಬಂದಿದ್ದ ಒಂದೇ ಕಿಟ್ ಲೆನ್ಸಿನಲ್ಲಿ ತೆಗೆದಿದ್ದೆ.

ಮೊದಲ ಹೆಜ್ಜೆ: ತಿಂಗಳು ಮತ್ತು ವಾರ

ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಒಳ್ಳೆಯವು. ಮೇ ತಿಂಗಳಲ್ಲಿ ಹೋಗುವವರಿಗೆ ನಾನು ಹೇಳುವುದಿಷ್ಟೇ: ಆ ಉರಿಬಿಸಿಲನ್ನು ನಮ್ಮೂರಿನಲ್ಲೇ ಪುಕ್ಕಟೆಯಾಗಿ ಅನುಭವಿಸಬಹುದು. ಮಳೆಗಾಲವನ್ನು ಮಾತ್ರ ಪೂರ್ತಿ ತಳ್ಳಿಹಾಕಬೇಡಿ. ಮಳೆ ನಿಂತ ಅರ್ಧ ಗಂಟೆಯಲ್ಲಿ ಚಾರ್‌ಮಿನಾರಿನ ಹತ್ತಿರದ ಪತ್ತರ್‌ಗಟ್ಟಿಯ ರಸ್ತೆಯ ಮೇಲೆ ಅಂಗಡಿಗಳ ದೀಪಗಳು ಪ್ರತಿಬಿಂಬಿಸುವ ದೃಶ್ಯ ಬೇಸಿಗೆಯಲ್ಲಿ ಸಿಗುವುದಿಲ್ಲ.

ವಾರದ ಆಯ್ಕೆಯಲ್ಲಿ ಶುಕ್ರವಾರವನ್ನು ಬಿಟ್ಟುಬಿಡಿ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೂ ಚೌಮಹಲ್ಲಾ ಅರಮನೆಗೂ ಅಂದು ರಜೆ ಇರುತ್ತದೆ. ಮಕ್ಕಾ ಮಸೀದಿಯಲ್ಲಿ ಜುಮ್ಮಾ ನಮಾಜಿನ ಜನಸಂದಣಿ ಇರುವುದರಿಂದ ಅಲ್ಲಿ ಕ್ಯಾಮೆರಾ ತೆಗೆಯುವುದೂ ಸರಿಯಲ್ಲ. ರಂಜಾನ್ ತಿಂಗಳ ರಾತ್ರಿಗಳಲ್ಲಿ ಚಾರ್‌ಮಿನಾರಿನ ಸುತ್ತ ಮಧ್ಯರಾತ್ರಿ ದಾಟಿದರೂ ಬಜಾರು ತೆರೆದಿರುತ್ತದೆ. ಅದಕ್ಕೆಂದೇ ಹೋಗುವುದಾದರೆ ಚೀಲವನ್ನು ವಸತಿಗೃಹದಲ್ಲಿಟ್ಟು ಒಂದು ಕ್ಯಾಮೆರಾ, ಒಂದು ಲೆನ್ಸ್ ಹಿಡಿದು ಹೊರಡಿ. ಆ ನೂಕುನುಗ್ಗಲಿನಲ್ಲಿ ಲೆನ್ಸ್ ಬದಲಿಸಲು ನಿಲ್ಲುವ ಜಾಗವೇ ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ಜಾಗದ ಪಕ್ಕದಲ್ಲಿ ಹೊತ್ತನ್ನು ಬರೆಯುವುದು

ಒಂದು ಹಾಳೆಯಲ್ಲಿ ಎಡಕ್ಕೆ ಜಾಗದ ಹೆಸರು, ಬಲಕ್ಕೆ ಅಲ್ಲಿ ಬೆಳಕು ಚೆನ್ನಾಗಿರುವ ಹೊತ್ತು ಬರೆದುಕೊಳ್ಳಿ. ಈ ಕೆಲಸಕ್ಕೆ ಚಾರ್‌ಮಿನಾರೇ ಒಳ್ಳೆಯ ಪಾಠ. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಈ ಕಟ್ಟಡದ ನಾಲ್ಕು ಕಮಾನುಗಳು ನಾಲ್ಕು ದಿಕ್ಕಿಗೆ ಮುಖ ಮಾಡಿವೆ. ಆದ್ದರಿಂದ ಬೆಳಗ್ಗೆ ಪೂರ್ವದ ಮುಖಕ್ಕೆ ಬೆಳಕು ನೇರವಾಗಿ ಬೀಳುತ್ತದೆ, ಸಂಜೆ ಲಾಡ್ ಬಜಾರಿನ ಕಡೆಯ ಪಶ್ಚಿಮದ ಮುಖ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಲಾಡ್ ಬಜಾರಿನ ಕಡೆ ನಿಂತು ಚಿತ್ರ ತೆಗೆದರೆ ಮಿನಾರುಗಳು ಕಪ್ಪು ನೆರಳಾಗಿ ಕಾಣುತ್ತವೆ. ನಿಮಗೆ ಬೇಕಾದದ್ದು ಆ ನೆರಳೇ ಆದರೆ ಸರಿ. ಗಚ್ಚಿನ ಕುಸುರಿ ಕೆಲಸ ಕಾಣಬೇಕಾದರೆ ಆ ಮುಖಕ್ಕೆ ಸಂಜೆಯೇ ಹೋಗಬೇಕು.

ಬೆಳಗಿನ ಆರು ಗಂಟೆಯ ಸುಮಾರಿಗೆ ಅಲ್ಲಿ ಕಸ ಗುಡಿಸುವವರು, ಚಹಾದ ಅಂಗಡಿಯವರು ಮತ್ತು ಪಾರಿವಾಳಗಳು ಬಿಟ್ಟರೆ ಹೆಚ್ಚು ಜನ ಇರುವುದಿಲ್ಲ. ಉತ್ತರಕ್ಕೆ ನಾಲ್ಕೈದು ನಿಮಿಷ ನಡೆದರೆ ಗುಲ್ಜಾರ್ ಹೌಜ್ ಎಂಬ ಕಾರಂಜಿಯ ಸುತ್ತ ಚಾರ್ ಕಮಾನ್ ಎನ್ನುವ ನಾಲ್ಕು ದೊಡ್ಡ ಕಮಾನುಗಳಿವೆ. ದಕ್ಷಿಣದ ಕಮಾನಿನಿಂದ ಹಿಂದೆ ಸರಿದು ನಿಂತು, 70ರಿಂದ 200 ಮಿ.ಮೀ. ನಡುವಿನ ಟೆಲಿ ಲೆನ್ಸಿನಲ್ಲಿ ನೋಡಿದರೆ ಕಮಾನಿನ ಚೌಕಟ್ಟಿನೊಳಗೆ ಚಾರ್‌ಮಿನಾರ್ ಹತ್ತಿರಕ್ಕೆ ಎಳೆದು ತಂದಂತೆ ಕಾಣುತ್ತದೆ. ಎಲ್ಲರೂ ಚಾರ್‌ಮಿನಾರಿನ ಬುಡಕ್ಕೇ ಹೋಗಿ ಅಗಲ ಲೆನ್ಸ್ ಎತ್ತಿ ಹಿಡಿಯುತ್ತಾರೆ. ಮಿನಾರುಗಳು ಹಿಂದಕ್ಕೆ ಬೀಳುತ್ತಿರುವಂತೆ ವಾಲಿದ ಚಿತ್ರ ಸಿಗುತ್ತದೆ. ಕ್ಯಾಮೆರಾ ಮೇಲಕ್ಕೆ ವಾಲಿದಷ್ಟೂ ಗೆರೆಗಳು ಒಳಕ್ಕೆ ವಾಲುತ್ತವೆ ಎಂಬುದು ಇದರ ಕಾರಣ. ದೂರ ಸರಿದು, ಕ್ಯಾಮೆರಾವನ್ನು ಮೇಲಕ್ಕೆ ವಾಲಿಸದೆ ನೆಲಕ್ಕೆ ಸಮಾನಾಂತರವಾಗಿ ಹಿಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಒಳಗೆ ಹತ್ತುವ ಸುರುಳಿ ಮೆಟ್ಟಿಲು ಬಲು ಇಕ್ಕಟ್ಟು. ಬೆನ್ನಿನ ಚೀಲವನ್ನು ಎದೆಗೆ ತಂದುಕೊಂಡೇ ಹತ್ತಬೇಕು.

ಮಕ್ಕಾ ಮಸೀದಿ ಪಕ್ಕದಲ್ಲೇ ಇದೆ. ಅಂಗಳದ ಪಾರಿವಾಳಗಳು ಹಾರುವ ಚಿತ್ರಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದ ಶಟರ್ ವೇಗ ಬೇಕು. ಕಾಳು ಹಾಕಿ ಓಡಿಸುವ ಚೇಷ್ಟೆ ಬೇಡ. ಅಲ್ಲಿ ಮಕ್ಕಳು ಇದ್ದೇ ಇರುತ್ತಾರೆ, ಆ ಕೆಲಸವನ್ನು ಅವರೇ ಮಾಡುತ್ತಾರೆ.

ನಡುಹಗಲಿನ ಬೆಳಕು ಹೊರಾಂಗಣಕ್ಕೆ ಕೆಲಸಕ್ಕೆ ಬಾರದ್ದು, ಆದ್ದರಿಂದ ಹನ್ನೊಂದರಿಂದ ಮೂರರವರೆಗಿನ ಹೊತ್ತನ್ನು ಚೌಮಹಲ್ಲಾ ಅರಮನೆಗೆ ಮೀಸಲಿಡಿ. ಕ್ಯಾಮೆರಾಕ್ಕೆ ಬೇರೆ ಟಿಕೆಟ್ ಕೊಳ್ಳಬೇಕಾಗುತ್ತದೆ. ಖಿಲ್ವತ್ ಮುಬಾರಕ್ ದರ್ಬಾರಿನ ಗಾಜಿನ ಗೊಂಚಲು ದೀಪಗಳನ್ನು ತೆಗೆಯುವಾಗ ಕ್ಯಾಮೆರಾ ತಾನೇ ಅಳೆದ ಬೆಳಕಿಗಿಂತ ಒಂದು ಸ್ಟಾಪ್ (ಅಂದರೆ ಅರ್ಧದಷ್ಟು) ಕಡಿಮೆ ಮಾಡಿ; ಬಲ್ಬುಗಳ ಸುತ್ತಲಿನ ವಿವರ ಬೆಳ್ಳಗೆ ಸುಟ್ಟುಹೋದರೆ ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಅದು ವಾಪಸ್ಸು ಬರುವುದಿಲ್ಲ, ಕತ್ತಲಾದ ಮೂಲೆಗಳನ್ನು ಮಾತ್ರ ಎತ್ತಬಹುದು.

ಸೂರ್ಯಾಸ್ತಕ್ಕೆ ಹುಸೇನ್ ಸಾಗರ. ಟ್ಯಾಂಕ್ ಬಂಡ್ ಕೆರೆಯ ಪೂರ್ವದ ಏರಿ ಆದ್ದರಿಂದ ಅಲ್ಲಿ ನಿಂತರೆ ಸೂರ್ಯ ನೀರಿನ ಆಚೆ ಮುಳುಗುತ್ತಾನೆ, ನಡುವೆ 1992ರಲ್ಲಿ ನಿಲ್ಲಿಸಿದ ಏಕಶಿಲೆಯ ಬುದ್ಧ ನೆರಳಾಗಿ ಕಾಣುತ್ತಾನೆ. ಆ 18 ಮೀಟರ್ ಎತ್ತರದ ವಿಗ್ರಹ 1990ರಲ್ಲಿ ಸಾಗಿಸುವಾಗ ಕೆರೆಯಲ್ಲೇ ಮುಳುಗಿ, ಎರಡು ವರ್ಷ ನೀರಿನೊಳಗಿದ್ದು ಮೇಲೆ ಬಂದದ್ದು ಎಂಬುದನ್ನು ತಿಳಿದು ನೋಡಿದಾಗ ಚೌಕಟ್ಟಿನಲ್ಲಿ ನೀರಿಗೆ ಸ್ವಲ್ಪ ಹೆಚ್ಚು ಜಾಗ ಬಿಡಬೇಕೆನಿಸುತ್ತದೆ. ಸೂರ್ಯ ಮುಳುಗಿದೊಡನೆ ಎಲ್ಲರೂ ಹೊರಟುಬಿಡುತ್ತಾರೆ, ನೀವು ಹೊರಡಬೇಡಿ. ಮುಂದಿನ ಇಪ್ಪತ್ತರಿಂದ ಮೂವತ್ತು ನಿಮಿಷ ಆಕಾಶ ಗಾಢ ನೀಲಿಯಾಗಿ, ದೀಪಗಳ ಬೆಳಕಿಗೆ ಸರಿಸಮವಾಗಿ ನಿಲ್ಲುತ್ತದೆ.

ಗೋಲ್ಕೊಂಡಕ್ಕೆ ಒಂದು ಲೆಕ್ಕ ಹಾಕಬೇಕು. ಕೋಟೆಗೆ ಸಂಜೆ ಐದೂವರೆಯ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಹೈದರಾಬಾದಿನಲ್ಲಿ ಡಿಸೆಂಬರ್ ನಡುವಿನಲ್ಲಿ ಸೂರ್ಯ ಸುಮಾರು 5.45ಕ್ಕೆ ಮುಳುಗಿದರೆ ಜೂನ್‌ನಲ್ಲಿ ಸುಮಾರು 6.50ಕ್ಕೆ ಮುಳುಗುತ್ತಾನೆ. ಅಂದರೆ ಮೇಲಿನ ಬಾಲಾ ಹಿಸಾರಿನಲ್ಲಿ ನಿಂತು ಹೊನ್ನಿನ ಬೆಳಕು ನೋಡುವ ಯೋಗ ಚಳಿಗಾಲದವರಿಗೆ ಮಾತ್ರ. ಬೇಸಿಗೆಯಲ್ಲಿ ಅಲ್ಲಿಗೆ ಬೆಳಗ್ಗೆಯೇ ಹೋಗುವುದು ಲೇಸು. ಮೇಲಿನಿಂದ ಉತ್ತರಕ್ಕೆ ನೋಡಿದರೆ ಕುತುಬ್ ಷಾಹಿ ಗೋರಿಗಳ ಗುಮ್ಮಟಗಳು ಕಾಣುತ್ತವೆ, ಅದಕ್ಕೂ ಟೆಲಿ ಲೆನ್ಸ್ ಬೇಕು. ಕೆಳಗಿನ ಹೆಬ್ಬಾಗಿಲಿನಲ್ಲಿ ತಟ್ಟಿದ ಚಪ್ಪಾಳೆ ಮೇಲಕ್ಕೆ ಕೇಳಿಸುವುದು ಪ್ರಸಿದ್ಧ. ಚಪ್ಪಾಳೆ ತಟ್ಟುವವರ ಮುಖಗಳ ಚಿತ್ರವನ್ನು ಯಾರೂ ತೆಗೆಯುವುದಿಲ್ಲ, ನೀವು ತೆಗೆಯಿರಿ.

ಉಳಿದ ಜಾಗಗಳನ್ನು ಸಮಯ ಸಿಕ್ಕರೆ ಸೇರಿಸಿಕೊಳ್ಳಬಹುದು: ಬೆಳಗಿನ ಜಾವಕ್ಕೆ ಗುಡಿಮಲ್ಕಾಪುರದ ಹೂವಿನ ಸಗಟು ಮಾರುಕಟ್ಟೆ, ಸಂಜೆಗೆ 1935ರ ಮುಅಜ್ಜಂ ಜಾಹಿ ಮಾರುಕಟ್ಟೆಯ ಗಡಿಯಾರ ಗೋಪುರ, ರಾತ್ರಿಗೆ 2020ರಲ್ಲಿ ತೆರೆದ ದುರ್ಗಂ ಚೆರುವಿನ ಕೇಬಲ್ ಸೇತುವೆ. ಬಿರ್ಲಾ ಮಂದಿರದ ಒಳಗೆ ಕ್ಯಾಮೆರಾಕ್ಕೂ ಫೋನಿಗೂ ಪ್ರವೇಶವಿಲ್ಲ, ಆದ್ದರಿಂದ ಅದು ದರ್ಶನದ ಪಟ್ಟಿಯಲ್ಲಿರಲಿ.

ಮೂರನೆಯ ಹೆಜ್ಜೆ: ಹಾಳೆ ನೋಡಿ ಸಾಮಾನು ಆರಿಸುವುದು

ಈಗ ಆ ಹಾಳೆಯನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಜಾಗಕ್ಕೂ ಯಾವ ಲೆನ್ಸ್ ಬೇಕು ಎಂದು ಬರೆಯಿರಿ. ಬಹುತೇಕ ಮೂರೇ ಉತ್ತರ ಬರುತ್ತವೆ. ಬೀದಿ, ಕಮಾನು, ಅರಮನೆಗಳಿಗೆ ಕ್ಯಾಮೆರಾದ ಜೊತೆಗೇ ಬರುವ 18–55 ಮಿ.ಮೀ. ಕಿಟ್ ಲೆನ್ಸ್ ಸಾಕು. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 18 ಮಿ.ಮೀ. ಎಂದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ ಸುಮಾರು 27 ಮಿ.ಮೀ.ಗೆ ಸಮ. ಅದಕ್ಕಿಂತ ಅಗಲ ಬೇಕೆನ್ನಿಸಿದಾಗ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಲೆನ್ಸಿಗೆ ಕೊಡುವ ದುಡ್ಡು ಉಳಿಯುತ್ತದೆ. ರಾತ್ರಿಯ ಬಜಾರಿಗೆ ಎಫ್ 1.8ರ 35 ಅಥವಾ 50 ಮಿ.ಮೀ. ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಒಂದು; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಬಜೆಟ್ಟಿನಲ್ಲಿ ಒಂದೇ ಒಂದು ಹೊಸ ವಸ್ತು ಕೊಳ್ಳಲು ಸಾಧ್ಯವಿದ್ದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ: ಕಿಟ್ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಇದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮೂರನೆಯದು ಟೆಲಿ. ಅದನ್ನು ಕೊಳ್ಳುವ ಬದಲು ಊರಿನ ಮದುವೆ ಫೋಟೋಗ್ರಾಫರ ಹತ್ತಿರ ಎರಡು ದಿನಕ್ಕೆ ಬಾಡಿಗೆಗೆ ಕೇಳಿ. ಲಗ್ನದ ಮುಹೂರ್ತಗಳಿಲ್ಲದ ವಾರದಲ್ಲಿ ಕೇಳಿದರೆ ಇಲ್ಲ ಎನ್ನುವುದಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಒಂದು ಪರೀಕ್ಷೆ ಮಾಡಲೇಬೇಕು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಫೋನಿನ ಟಾರ್ಚ್ ಹಾಕಿ, ಮುಂದಿನ ಗಾಜನ್ನು ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಒಂದೆರಡು ಧೂಳಿನ ಕಣ ಕಂಡರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಜೇಡರ ಬಲೆಯ ಎಳೆಗಳಂತೆ ಅಂಚಿನಿಂದ ಒಳಕ್ಕೆ ಹಬ್ಬಿದ ಬಿಳಿ ಗೆರೆಗಳು ಕಂಡರೆ ಅದು ಬೂಷ್ಟು, ಮುಚ್ಚಳ ಹಾಕಿ ವಾಪಸ್ಸು ಕೊಡಿ. ಬೆಲೆ ಇಳಿಸುತ್ತೇನೆ ಎಂದರೂ ಬೇಡ.

ಫೋನೊಂದೇ ಇದ್ದವರು ಬೇಸರಪಡಬೇಕಾಗಿಲ್ಲ. ಹಗಲಿನ ಬೀದಿಗೂ ಅರಮನೆಗೂ ಈಗಿನ ಫೋನುಗಳು ಸಾಕು. ಬೆರಳಿನಿಂದ ಎಳೆದು ಝೂಮ್ ಮಾಡುವ ಬದಲು ಫೋನಿನ ಪ್ರತ್ಯೇಕ ಲೆನ್ಸುಗಳ ಗುಂಡಿಯನ್ನೇ ಒತ್ತಿ, ಲೆನ್ಸಿನ ಗಾಜನ್ನು ಗಂಟೆಗೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಅರ್ಧ ಮಬ್ಬು ಹೋಗುತ್ತದೆ. ಫೋನು ಸೋಲುವುದು ಚಾರ್ ಕಮಾನಿನ ಟೆಲಿ ಚಿತ್ರದಲ್ಲಿ ಮತ್ತು ಕತ್ತಲಲ್ಲಿ ಓಡಾಡುವ ಜನರ ಚಿತ್ರದಲ್ಲಿ ಮಾತ್ರ.

ಟ್ರೈಪಾಡಿನ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ, ಚಾರ್‌ಮಿನಾರೂ ಗೋಲ್ಕೊಂಡವೂ ಆ ಪಟ್ಟಿಯಲ್ಲಿವೆ. ಸೇತುವೆ ಮತ್ತು ಕೆರೆಯ ರಾತ್ರಿ ಚಿತ್ರಗಳಿಗಾಗಿ ಮಾತ್ರ ಬೇಕಿದ್ದರೆ ಅಂಗೈ ಉದ್ದದ ಚಿಕ್ಕದೊಂದನ್ನು ಒಯ್ಯಿರಿ, ಕಟ್ಟೆಯ ಮೇಲೋ ಕಂಬಿಯ ಮೇಲೋ ಇಟ್ಟರೆ ಆಯಿತು. ಡ್ರೋನ್ ಮನೆಯಲ್ಲೇ ಇರಲಿ. ಗೋಲ್ಕೊಂಡದ ಪಕ್ಕದಲ್ಲೇ ಸೇನೆಯ ಫಿರಂಗಿ ದಳದ ಕೇಂದ್ರವಿದೆ, ಅಲ್ಲಿ ಹಾರಿಸಿದರೆ ಪ್ರವಾಸ ಪೊಲೀಸ್ ಠಾಣೆಯಲ್ಲಿ ಮುಗಿಯುತ್ತದೆ.

ಎರಡು ಬ್ಯಾಟರಿ, 64 ಜಿಬಿಯ ಎರಡು ಮೆಮೊರಿ ಕಾರ್ಡ್, ಚಾರ್ಜರ್, ಗಾಳಿ ಊದುವ ರಬ್ಬರ್ ಬುಡ್ಡೆ, ಒರೆಸುವ ಬಟ್ಟೆ, ಒಂದು ಪ್ಲಾಸ್ಟಿಕ್ ಚೀಲ. 128 ಜಿಬಿಯ ಒಂದೇ ಕಾರ್ಡಿಗಿಂತ 64ರ ಎರಡು ಮೇಲು, ಒಂದು ಕೆಟ್ಟರೂ ಒಂದು ದಿನದ ಚಿತ್ರಗಳಾದರೂ ಉಳಿಯುತ್ತವೆ. ಎಲ್ಲ ಸೇರಿ ಚೀಲದ ತೂಕ ಮೂರು ಕಿಲೋ ದಾಟಬಾರದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿಕೊಳ್ಳಿ. ನಾನು ಹಾಗೆಯೇ ಮಾಡುತ್ತೇನೆ, ಅಂಗಡಿಯವರು ನಗುತ್ತಾರೆ.

ನಾಲ್ಕನೆಯ ಹೆಜ್ಜೆ: ಊರಿನಲ್ಲೇ ತಾಲೀಮು

ಹೊರಡುವ ಹಿಂದಿನ ಭಾನುವಾರ, ಒಯ್ಯಲಿರುವ ಅದೇ ಚೀಲವನ್ನು ಹೊತ್ತು ರಾಯಚೂರಿನಲ್ಲಿ ಒಂದು ದಿನ ತಿರುಗಿ. ನಾಲ್ಕು ಮಿನಾರಿನ ಪರೀಕ್ಷೆಗೆ ಮೊದಲು ಒಂದು ಮಿನಾರಿನ ಪರೀಕ್ಷೆ ಇರಲಿ: ಏಕ್ ಮಿನಾರ್ ಮಸೀದಿಯ ಮುಂದೆ ನಿಂತು, ಮಿನಾರು ವಾಲದಂತೆ ಪೂರ್ತಿ ಚೌಕಟ್ಟಿಗೆ ಬರಲು ಎಷ್ಟು ಹಿಂದೆ ಸರಿಯಬೇಕು ಎಂಬುದನ್ನು ಹೆಜ್ಜೆಗಳಲ್ಲಿ ಎಣಿಸಿ. ನಿಮ್ಮ ಲೆನ್ಸಿನ ಅಗಲ ಎಷ್ಟು ಎಂಬುದು ಆಗ ಅಂಕಿಗಳಿಲ್ಲದೆಯೇ ತಿಳಿಯುತ್ತದೆ.

ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಚಪ್ಪಡಿ ಕಲ್ಲು ಇದೆಯಲ್ಲ, ಅದು ಬೆಳಕನ್ನು ಕಲಿಯುವುದಕ್ಕೆ ನಮಗೆ ಸಿಕ್ಕ ದೊಡ್ಡ ಕರಿಹಲಗೆ. ನಡುಹಗಲಿನಲ್ಲಿ ಅಥವಾ ಫ್ಲಾಶ್ ಹಾಕಿ ಎದುರಿನಿಂದ ತೆಗೆದರೆ ಅಕ್ಷರಗಳು ಕಲ್ಲಿನಲ್ಲಿ ಕರಗಿಹೋಗುತ್ತವೆ. ಬಿಸಿಲು ಗೋಡೆಗೆ ಸವರಿಕೊಂಡು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ, ಒಂದೊಂದು ಅಕ್ಷರದ ಅಂಚಿಗೂ ಸಣ್ಣ ನೆರಳು ಹುಟ್ಟಿ, ಆ ಕಲ್ಲನ್ನು ಎಳೆದು ತರುವ ದೃಶ್ಯದ ಕೆತ್ತನೆ ಕೂಡ ಎದ್ದು ನಿಲ್ಲುತ್ತದೆ. ಇದೇ ಬೆಳಕನ್ನು ನೀವು ಕುತುಬ್ ಷಾಹಿ ಗೋರಿಗಳ ಗಚ್ಚಿನ ಹೂಬಳ್ಳಿಗಳ ಮೇಲೆ ಹುಡುಕಬೇಕು.

ಸಂಜೆ ಮಾವಿನಕೆರೆಯ ದಂಡೆ, ಕತ್ತಲಾದ ಮೇಲೆ ತೀನ್ ಕಂದೀಲ್ ವೃತ್ತದ ಅಂಗಡಿ ಸಾಲು. ಅಲ್ಲಿಗೆ ತಾಲೀಮು ಮುಗಿಯಿತು.

ಐದನೆಯ ಹೆಜ್ಜೆ: ದಾರಿ

ಬಸ್ಸಿನಲ್ಲಿ ಐದಾರು ಗಂಟೆಯ ದಾರಿ. ಕೃಷ್ಣಾ ನಿಲ್ದಾಣದ ಕಡೆಯ ಹೊಸ ಹಳಿ ಪೂರ್ಣಗೊಂಡು 2023ರ ಅಕ್ಟೋಬರಿನಲ್ಲಿ ಮಹಬೂಬ್‌ನಗರದ ಮೂಲಕ ರೈಲೂ ಆರಂಭವಾಯಿತು. ವಾಡಿ ಸುತ್ತುವ ಹಳೆಯ ದಾರಿ ಈಗ ಅನಿವಾರ್ಯವಲ್ಲ. ನಾನು ರಾತ್ರಿ ಬಸ್ಸನ್ನೇ ಹಿಡಿಯುತ್ತೇನೆ, ಏಕೆಂದರೆ ಅದು ನಸುಕಿನಲ್ಲಿ ಮೂಸಿ ನದಿಯ ದಂಡೆಯ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಇಳಿಸುತ್ತದೆ. ಅಲ್ಲಿಂದ ಚಾರ್‌ಮಿನಾರಿಗೆ ಆಟೋದಲ್ಲಿ ಸ್ವಲ್ಪವೇ ದೂರ. ಮೆಟ್ರೋದ ಎರಡು ಮಾರ್ಗಗಳು ಕೂಡುವ ನಿಲ್ದಾಣವೂ ಅಲ್ಲೇ ಇದೆ.

ಹವಾನಿಯಂತ್ರಿತ ಬಸ್ಸಿನಿಂದ ಇಳಿದೊಡನೆ ಕ್ಯಾಮೆರಾ ತೆಗೆಯಬೇಡಿ. ಮಳೆಗಾಲದಲ್ಲಿ ತಣ್ಣಗಾದ ಗಾಜಿನ ಮೇಲೆ ಹೊರಗಿನ ತೇವ ಕೂತು ಮಂಜು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಇಳಿಯುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಹೊರಗಿನ ಸೆಕೆಗೆ ಬಿಡಿ. ತೇವ ಚೀಲದ ಹೊರಗೆ ಕೂರುತ್ತದೆ, ಗಾಜು ಒಣಗಿಯೇ ಇರುತ್ತದೆ.

ಆರನೆಯ ಹೆಜ್ಜೆ: ಲಾಡ್ ಬಜಾರಿನ ಬಳೆ ಅಂಗಡಿಯಲ್ಲಿ

ಇದೊಂದು ಜಾಗವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಒಂದು ಇಡೀ ಸಂಜೆ ಇಲ್ಲಿ ಹಾಳಾಯಿತು. ಅರಗಿನ ಬಳೆಗಳಿಗೆ ಕನ್ನಡಿ ಚೂರು, ಹರಳುಗಳನ್ನು ಕೂರಿಸಿ ಸಾಲುಸಾಲಾಗಿ ಪೇರಿಸಿಟ್ಟ ಅಂಗಡಿಗಳು, ಒಂದೊಂದರಲ್ಲೂ ಹತ್ತಾರು ಎಲ್‌ಇಡಿ ದೀಪಗಳು. ಬೆಳಕು ಬೇಕಾದಷ್ಟಿದೆ ಎಂದು ಶಟರ್ ವೇಗವನ್ನು ಸೆಕೆಂಡಿನ ಐನೂರರ ಒಂದು ಭಾಗಕ್ಕೆ ಏರಿಸಿ, ಸದ್ದು ಬಾರದಿರಲೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡು ತೆಗೆದೆ. ವಸತಿಗೃಹಕ್ಕೆ ಬಂದು ನೋಡಿದರೆ ಪ್ರತಿ ಚಿತ್ರದ ಮೇಲೂ ಅಡ್ಡಡ್ಡ ಕಪ್ಪು ಪಟ್ಟೆಗಳು, ಇಳಕಲ್ ಸೀರೆಯ ದಡಿ ಎಳೆದಂತೆ.

ಕಾರಣ ಸರಳವಾದದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು; ಅದರಿಂದ ಉರಿಯುವ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಅದು ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ ದೀಪ ಮಂಕಾದ ಗಳಿಗೆಯ ಸಾಲುಗಳು ಕಪ್ಪಾಗುತ್ತವೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ವೇಗವನ್ನು ನೂರರ ಒಂದು ಭಾಗಕ್ಕೋ ಐವತ್ತರ ಒಂದು ಭಾಗಕ್ಕೋ ಇಳಿಸಿದರೆ ಮಿನುಗಿನ ಪೂರ್ತಿ ಸುತ್ತು ಒಳಗೆ ಬಂದು ಪಟ್ಟೆಗಳು ಮಾಯವಾಗುತ್ತವೆ. ಅಪರ್ಚರ್ (ಲೆನ್ಸಿನ ಬಾಯಿಯ ಅಗಲ) ಎಫ್ 2.8, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800ರಿಂದ 1600. ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಅಂಗಡಿಯ ಬಿಳಿ ಗೋಡೆಗೋ ಕಾಗದಕ್ಕೋ ಹೊಂದಿಸಿ, ಇಲ್ಲವಾದರೆ ಒಂದೇ ಬಳೆ ಒಂದು ಚಿತ್ರದಲ್ಲಿ ಹಸಿರು, ಇನ್ನೊಂದರಲ್ಲಿ ಗಿಳಿಹಸಿರು.

ಅಂಗಡಿಯವರನ್ನು ಕೇಳದೆ ತೆಗೆಯಬೇಡಿ. ಇಲ್ಲಿ ನಮಗೊಂದು ಅನುಕೂಲವಿದೆ: ರಾಯಚೂರಿನ ಓಣಿಗಳಲ್ಲಿ ಕೇಳಿ ಬೆಳೆದ ದಖನಿ ಮಾತು ಅಲ್ಲಿಯೂ ನಡೆಯುತ್ತದೆ. "ಭಾಯ್, ಏಕ್ ಫೋಟೋ ಲೇಲೂಂ?" ಎಂದು ಕೇಳಿದರೆ ಅವರೇ ಬಳೆ ಎತ್ತಿ ದೀಪದ ಹತ್ತಿರ ಹಿಡಿಯುತ್ತಾರೆ. ಗಿರಾಕಿಗಳಾಗಿ ಬಂದ ಹೆಣ್ಣುಮಕ್ಕಳ ಮುಖದತ್ತ ಕ್ಯಾಮೆರಾ ತಿರುಗಿಸಬೇಡಿ; ಅವರು ಒಪ್ಪಿದರೆ ಬಳೆ ತೊಡಿಸಿಕೊಳ್ಳುವ ಕೈಗಳನ್ನು ತೆಗೆಯಿರಿ, ಆ ಚಿತ್ರವೇ ಹೆಚ್ಚು ಮಾತಾಡುತ್ತದೆ. ಒಂದು ಡಜನ್ ಬಳೆ ಕೊಂಡರೆ ಮನೆಯಲ್ಲಿ ಮುಂದಿನ ಪ್ರವಾಸಕ್ಕೂ ಒಪ್ಪಿಗೆ ಸಿಗುತ್ತದೆ.

ಏಳನೆಯ ಹೆಜ್ಜೆ: ಮರಳುವ ದಾರಿ

ಊರು ಮುಟ್ಟುವವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡಬೇಡಿ. ತುಂಬಿದ ಕಾರ್ಡನ್ನು ಕ್ಯಾಮೆರಾ ಚೀಲದಲ್ಲಿಡದೆ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಿ. ಚೀಲ ಕಳೆದರೆ ಇನ್ನೊಂದು ಕೊಳ್ಳಬಹುದು.

ರಾತ್ರಿ ಬಸ್ಸಿನಲ್ಲಿ ಮರಳುವಾಗ ಎಡಬದಿಯ ಕಿಟಕಿಯ ಸೀಟು ಕೇಳಿ ಪಡೆಯಿರಿ. ಬಸ್ಸು ದಕ್ಷಿಣಕ್ಕೆ ಬರುವುದರಿಂದ ಪೂರ್ವ ಆ ಬದಿಗೆ ಬೀಳುತ್ತದೆ, ಬಸ್ಸು ಸ್ವಲ್ಪ ತಡವಾಗಿ ಹೊರಟಿದ್ದರೆ ಕೃಷ್ಣಾ ನದಿ ದಾಟುವ ಹೊತ್ತಿಗೆ ಬೆಳಗಾಗಿರುತ್ತದೆ. ಪ್ರೈಮ್ ಲೆನ್ಸ್ ಹಾಕಿ, ಶಟರ್ ಸಾವಿರದ ಒಂದು ಭಾಗಕ್ಕಿಟ್ಟು, ಪ್ರತಿಬಿಂಬ ಬೀಳದಂತೆ ಲೆನ್ಸಿನ ಅಂಚನ್ನು ಕಿಟಕಿಯ ಗಾಜಿಗೆ ಮುಟ್ಟಿಸಿ ಹಿಡಿಯಿರಿ. ನೀರಿಳಿದ ತಿಂಗಳುಗಳಲ್ಲಿ ಹೊಳೆಯ ನಡುವಿನ ಬಂಡೆಗಳ ಸುತ್ತ ಉಳಿದ ಮಡುಗಳ ಮೇಲೆ ಮೊದಲ ಬೆಳಕು ಬೀಳುತ್ತದೆ. ಸೇತುವೆ ಮುಗಿಯುವಷ್ಟರಲ್ಲಿ ಐದಾರು ಚಿತ್ರ ತೆಗೆಯಲು ಸಮಯವಿರುತ್ತದೆ, ಆದ್ದರಿಂದ ಕಂಡಕ್ಟರು ಶಕ್ತಿನಗರ ಎಂದು ಕೂಗುವ ಮೊದಲೇ ಮುಚ್ಚಳ ತೆಗೆದಿಟ್ಟುಕೊಂಡಿರಿ.